ಮೂರು ಲಕ್ಷ ಸರ್ಕಾರಿ ನೌಕರರು ಮನೆಗೆ: ಅಮೆರಿಕದಲ್ಲಿ 2025ರಲ್ಲಿ ಆಗಿದ್ದೇನು?

[ಪರದೆಯ ಮೇಲೆ: ಒಂದು ಇಮೇಲ್ ಇನ್‌ಬಾಕ್ಸ್]

2025ರ ಜನವರಿ 28. ಅಮೆರಿಕದ ಕೇಂದ್ರ ಸರ್ಕಾರದ ನೌಕರರಿಗೆ, ಅಂದರೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರಿಗೆ, ಒಂದೇ ಇಮೇಲ್ ಬಂತು. ಅದರ ಶೀರ್ಷಿಕೆ ‘ಫೋರ್ಕ್ ಇನ್ ದಿ ರೋಡ್’. ಕವಲುದಾರಿಯಲ್ಲಿ ನಿಂತಿದ್ದೀರಿ, ಯಾವ ಕಡೆ ಹೋಗ್ತೀರೋ ನೀವೇ ನೋಡಿಕೊಳ್ಳಿ ಅನ್ನೋ ಧಾಟಿ. ಕೆಲಸ ಬಿಡುವವರು ‘ರಿಸೈನ್’ ಅಂತ ಒಂದೇ ಪದ ಬರೆದು ಉತ್ತರ ಕಳಿಸಿದರೆ ಸಾಕಿತ್ತು. ಅವರಿಗೆ ಸೆಪ್ಟೆಂಬರ್ 30ರವರೆಗೆ ಸಂಬಳ. ಉಳಿಯುವವರ ಕೆಲಸಕ್ಕೆ ಮಾತ್ರ ಯಾವ ಖಾತ್ರಿಯೂ ಇಲ್ಲ. ಯೋಚನೆ ಮಾಡೋಕೆ ಕೊಟ್ಟ ಗಡುವು ಫೆಬ್ರವರಿ 6.

ಇಪ್ಪತ್ತು ವರ್ಷ ದುಡಿದವರಿಗೂ ಅದೇ ಇಮೇಲ್, ಹೋದ ತಿಂಗಳು ಸೇರಿದವರಿಗೂ ಅದೇ ಇಮೇಲ್.

ನಮಸ್ಕಾರ. ಸರ್ಕಾರಿ ಕಚೇರಿಗಳಲ್ಲಿ ಕೆಲಸ ನಿಧಾನ, ಜನ ಜಾಸ್ತಿ, ಖರ್ಚು ಜಾಸ್ತಿ ಅನ್ನೋ ದೂರು ಎಲ್ಲ ದೇಶದಲ್ಲೂ ಇದೆ. ಅದರಲ್ಲಿ ಸತ್ಯವೂ ಇದೆ. ಆದರೆ ಒಬ್ಬ ಅಧ್ಯಕ್ಷರು ಸಂಸತ್ತಿನ ಕಾನೂನಿಗೆ ಕಾಯದೆ, ಬರೀ ತಮ್ಮ ಆದೇಶಗಳಿಂದಲೇ ಇದನ್ನು ಸರಿ ಮಾಡೋಕೆ ಹೊರಟರೆ ಏನಾಗುತ್ತದೆ? ಇವತ್ತು ಅದನ್ನು ನೋಡೋಣ.

ಮೊದಲು ಅಧಿಕಾರದ ವಿಷಯ. ಅಮೆರಿಕದಲ್ಲಿ ಇಲಾಖೆಗಳನ್ನು ಕಾನೂನು ಮಾಡಿ ಹುಟ್ಟುಹಾಕುವುದು ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು. ದುಡ್ಡು ಮಂಜೂರು ಮಾಡುವುದೂ ಅದೇ. ಅಧ್ಯಕ್ಷರ ಆದೇಶ ಈ ಕಾನೂನುಗಳ ಒಳಗೇ ಇರಬೇಕು. ಇಲಾಖೆ ಹೇಗೆ ನಡೆಯಬೇಕು, ಯಾವುದಕ್ಕೆ ಮೊದಲ ಗಮನ, ಖಾಲಿ ಹುದ್ದೆ ತುಂಬಬೇಕಾ ಬೇಡವಾ, ಇದನ್ನೆಲ್ಲ ಅವರು ಹೇಳಬಹುದು. ಕಾಂಗ್ರೆಸ್ ಕಟ್ಟಿದ ಇಲಾಖೆಯನ್ನು ತಾವೇ ಮುಚ್ಚುವ ಹಾಗಿಲ್ಲ. ಕಾಗದದ ಮೇಲೆ ಇದು ಸ್ಪಷ್ಟ. ಆದರೆ ಇಲಾಖೆಯ ಬಾಗಿಲು ತೆರೆದೇ ಇಟ್ಟು, ಒಳಗಿರುವ ಅರ್ಧದಷ್ಟು ಜನರನ್ನು ಕಳಿಸಿಬಿಟ್ಟರೆ ಅದು ಮುಚ್ಚಿದ ಹಾಗೋ ಅಲ್ಲವೋ? 2025ರ ಜಗಳವೆಲ್ಲ ಅದರ ಸುತ್ತಲೇ ನಡೆಯಿತು.

[ಪರದೆಯ ಮೇಲೆ: 1881, ವಾಷಿಂಗ್ಟನ್ ರೈಲು ನಿಲ್ದಾಣದ ಹಳೆಯ ಚಿತ್ರ]

ಸರ್ಕಾರಿ ನೌಕರರನ್ನು ತೆಗೆಯೋದು ಅಲ್ಲಿ ಯಾಕಿಷ್ಟು ಕಷ್ಟ? ಅದಕ್ಕೆ ಒಂದು ಕೊಲೆಯ ಕಥೆ ಇದೆ. 19ನೇ ಶತಮಾನದ ಬಹುಪಾಲು, ಚುನಾವಣೆ ಗೆದ್ದವರು ಹಳಬರನ್ನು ತೆಗೆದು ತಮ್ಮವರನ್ನು ಕೂರಿಸುತ್ತಿದ್ದರು. ಅಂಚೆ ಕಚೇರಿ, ಸುಂಕದ ಕಟ್ಟೆ, ಎಲ್ಲ ಕಡೆ ಪಕ್ಷದ ಜನ. 1881ರಲ್ಲಿ ಜೇಮ್ಸ್ ಗಾರ್ಫೀಲ್ಡ್ ಅಧ್ಯಕ್ಷರಾದರು. ಅವರ ಪರವಾಗಿ ಪ್ರಚಾರ ಮಾಡಿದ್ದ ಚಾರ್ಲ್ಸ್ ಗಿಟೋ ಎಂಬಾತ ತನಗೆ ಪ್ಯಾರಿಸ್‌ನಲ್ಲಿ ರಾಜತಾಂತ್ರಿಕ ಹುದ್ದೆ ಸಿಗಲೇಬೇಕು ಅಂತ ತಿಂಗಳುಗಟ್ಟಲೆ ಅಲೆದ. ಸಿಗಲಿಲ್ಲ. ಜುಲೈ 2ರಂದು ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ ಅಧ್ಯಕ್ಷರಿಗೆ ಗುಂಡು ಹಾರಿಸಿದ. ಸೆಪ್ಟೆಂಬರ್‌ನಲ್ಲಿ ಗಾರ್ಫೀಲ್ಡ್ ತೀರಿಕೊಂಡರು.

ಜನ ರೊಚ್ಚಿಗೆದ್ದರು. 1883ರಲ್ಲಿ ಪೆಂಡಲ್ಟನ್ ಕಾಯ್ದೆ ಬಂತು. ಪರೀಕ್ಷೆ ಬರೆದು ಪಾಸಾದವರಿಗೆ ಕೆಲಸ, ರಾಜಕೀಯ ಕಾರಣಕ್ಕೆ ವಜಾ ಮಾಡುವಂತಿಲ್ಲ. ಮೊದಲಿಗೆ ಇದು ಹತ್ತರಲ್ಲಿ ಒಂದು ಹುದ್ದೆಗೆ ಮಾತ್ರ ಅನ್ವಯವಾಗಿತ್ತು, ಆಮೇಲೆ ಹರಡುತ್ತಾ ಹೋಯಿತು. ಇವತ್ತು ಅಧ್ಯಕ್ಷರು ಬದಲಾದಾಗ ಬದಲಾಗುವುದು ಸುಮಾರು 4 ಸಾವಿರ ರಾಜಕೀಯ ಹುದ್ದೆಗಳು ಮಾತ್ರ. ಉಳಿದವರು ಯಾವ ಪಕ್ಷ ಬಂದರೂ ಇರುತ್ತಾರೆ.

ಈಗ 2025ಕ್ಕೆ ಬರೋಣ. ಜನವರಿ 20, ಡೊನಾಲ್ಡ್ ಟ್ರಂಪ್ ಎರಡನೇ ಸಲ ಅಧ್ಯಕ್ಷರಾದ ದಿನ. ಅವತ್ತೇ ಹೊಸ ನೇಮಕಾತಿಗೆ ತಡೆ. ಮನೆಯಿಂದ ಕೆಲಸ ಬಂದ್. ಜೊತೆಗೆ ‘ಡೋಜ್’, ಅಂದರೆ ‘ಡಿಪಾರ್ಟ್‌ಮೆಂಟ್ ಆಫ್ ಗವರ್ನಮೆಂಟ್ ಎಫಿಶಿಯೆನ್ಸಿ’ (ಸರ್ಕಾರಿ ದಕ್ಷತೆಯ ಇಲಾಖೆ) ಸ್ಥಾಪನೆ. ಹೆಸರಲ್ಲಿ ಇಲಾಖೆ ಅಂತ ಇದ್ದರೂ ಅದು ಇಲಾಖೆ ಅಲ್ಲ. ಇಲಾಖೆ ಮಾಡಬೇಕಾದರೆ ಕಾಂಗ್ರೆಸ್ ಬೇಕಲ್ವಾ? ಒಬಾಮಾ ಕಾಲದಲ್ಲಿ, 2014ರಲ್ಲಿ, ಸರ್ಕಾರಿ ವೆಬ್‌ಸೈಟ್‌ಗಳನ್ನು ಸುಧಾರಿಸಲು ಹುಟ್ಟಿದ ‘ಡಿಜಿಟಲ್ ಸರ್ವಿಸ್’ ಅನ್ನೋ ಕಚೇರಿಯ ಹೆಸರು ಬದಲಿಸಿ ಇದನ್ನು ಮಾಡಿದರು. ಅದರ ಮುಖವಾಗಿ ನಿಂತವರು ಇಲಾನ್ ಮಸ್ಕ್. ಅವರು ಮೊದಲು ಹೇಳಿದ ಉಳಿತಾಯ 2 ಲಕ್ಷ ಕೋಟಿ ಡಾಲರ್. ಆಮೇಲೆ ಅದು 1 ಲಕ್ಷ ಕೋಟಿಗೆ ಇಳಿಯಿತು. ಏಪ್ರಿಲ್ ಹೊತ್ತಿಗೆ 15 ಸಾವಿರ ಕೋಟಿಗೆ ಬಂತು. ಮೇ ಕೊನೆಗೆ ಅವರೇ ಹೊರಟರು.

ಫೆಬ್ರವರಿ ಮಧ್ಯದಲ್ಲಿ ದೊಡ್ಡ ಹೊಡೆತ ಬಿದ್ದಿದ್ದು ಪ್ರೊಬೇಷನರಿ ನೌಕರರ ಮೇಲೆ. ಕೆಲಸಕ್ಕೆ ಸೇರಿ ಒಂದೆರಡು ವರ್ಷ ಆಗಿರದವರು ಇವರು. ಹೊಸ ಹುದ್ದೆಗೆ ಬಡ್ತಿ ಪಡೆದ ಕೆಲವು ಹಳಬರೂ ಈ ಪಟ್ಟಿಗೆ ಸೇರುತ್ತಾರೆ. ಇವರಿಗೆ ಕಾನೂನಿನ ರಕ್ಷಣೆ ಕಡಿಮೆ, ತೆಗೆಯೋದು ಸುಲಭ. ಅದಕ್ಕೇ ಇವರನ್ನು ಆರಿಸಿದರು. ಸುಮಾರು 25 ಸಾವಿರ ಜನ ಕೆಲಸ ಕಳೆದುಕೊಂಡರು. ನನ್ನ ಮನಸ್ಸಿಗೆ ತುಂಬಾ ನೋವಾಗುವ ಭಾಗ ಇದು. ಹಲವರಿಗೆ ಬಂದ ಪತ್ರದಲ್ಲಿ ನಿಮ್ಮ ಕೆಲಸ ತೃಪ್ತಿಕರವಾಗಿಲ್ಲ ಅಂತ ಬರೆದಿತ್ತು. ಅವರ ಕೆಲಸವನ್ನು ಯಾರೂ ಕೂತು ಪರಿಶೀಲಿಸಿರಲಿಲ್ಲ. ಮೇಲಧಿಕಾರಿಗಳಿಂದ ಒಳ್ಳೆಯ ವರದಿ ಪಡೆದಿದ್ದವರಿಗೂ ಅದೇ ಸಾಲು ಬಂತು. ಇನ್ನೊಂದು ಕಡೆ ಕೆಲಸ ಹುಡುಕುವಾಗ ಆ ಸಾಲು ಅವರ ಹಿಂದೆಯೇ ಹೋಗುತ್ತದೆ.

ಸ್ಯಾನ್ ಫ್ರಾನ್ಸಿಸ್ಕೋದ ನ್ಯಾಯಾಧೀಶ ವಿಲಿಯಂ ಅಲ್ಸಪ್ ಮಾರ್ಚ್ 13ರಂದು ಇದನ್ನು ನೇರವಾಗಿ ಸುಳ್ಳು ಅಂತ ಕರೆದರು. ಆರು ಇಲಾಖೆಗಳು ಇವರನ್ನು ವಾಪಸ್ ತೆಗೆದುಕೊಳ್ಳಬೇಕು ಅಂದರು. ಏಪ್ರಿಲ್ 8ಕ್ಕೆ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಸೆಪ್ಟೆಂಬರ್‌ನಲ್ಲಿ ಅಲ್ಸಪ್ ಅಂತಿಮ ತೀರ್ಪು ಕೊಟ್ಟು ವಜಾ ಕಾನೂನುಬಾಹಿರ ಅಂದರು. ಆದರೆ ಅಷ್ಟು ಹೊತ್ತಿಗೆ ಎಷ್ಟೋ ಜನ ಬೇರೆ ದಾರಿ ನೋಡಿಕೊಂಡಿದ್ದರು. ಕೆಲಸ ವಾಪಸ್ ಕೊಡಿ ಅಂತ ಅವರು ಆದೇಶಿಸಲಿಲ್ಲ, ನೌಕರರ ದಾಖಲೆಯಲ್ಲಿ ತಪ್ಪು ತಿದ್ದಿ ಅಂದರು, ಅಷ್ಟೇ.

ಅವಸರದ ಇನ್ನೊಂದು ನಿದರ್ಶನ. ಅಮೆರಿಕದ ಅಣ್ವಸ್ತ್ರ ಸಂಗ್ರಹವನ್ನು ನೋಡಿಕೊಳ್ಳುವ ಸಂಸ್ಥೆಗೆ ಎನ್‌ಎನ್‌ಎಸ್‌ಎ ಅಂತ ಹೆಸರು. ಫೆಬ್ರವರಿ 13ರಂದು ಅಲ್ಲೂ ವಜಾ ನಡೆಯಿತು. ಒಂದೆರಡು ದಿನದಲ್ಲೇ, ಇವರಿಲ್ಲದೆ ಆಗಲ್ಲ ಅಂತ ವಾಪಸ್ ಕರೆಯೋಕೆ ಹೊರಟರು. ಕರೆಯೋದು ಹೇಗೆ? ಅವರ ಕಚೇರಿ ಇಮೇಲ್ ಖಾತೆಗಳನ್ನು ಆಗಲೇ ಬಂದ್ ಮಾಡಿದ್ದರು. ಇವರ ವೈಯಕ್ತಿಕ ವಿಳಾಸ ಗೊತ್ತಿದ್ದರೆ ತಿಳಿಸಿ ಅಂತ ಉಳಿದವರನ್ನು ಕೇಳಿಕೊಳ್ಳಬೇಕಾಯಿತು. ಅದೇ ತಿಂಗಳು ಹಕ್ಕಿಜ್ವರದ ಮೇಲೆ ಕೆಲಸ ಮಾಡುತ್ತಿದ್ದ ಕೃಷಿ ಇಲಾಖೆಯ ಸಿಬ್ಬಂದಿಯ ವಿಷಯದಲ್ಲೂ ಹೀಗೇ ಆಯಿತು.

[ಪರದೆಯ ಮೇಲೆ: ನೂರು ಡಾಲರ್ ನೋಟು, ಅದರ ಒಂದು ಸಣ್ಣ ತುಂಡಿಗೆ ಬಣ್ಣ]

ಹಾಗಾದರೆ ದುಡ್ಡು ಉಳಿಯಿತಾ? ಲೆಕ್ಕ ನೋಡಿ. 2024ರ ಹಣಕಾಸು ವರ್ಷದಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಖರ್ಚು ಮಾಡಿದ್ದು ಸುಮಾರು 6.75 ಲಕ್ಷ ಕೋಟಿ ಡಾಲರ್. ನಾಗರಿಕ ನೌಕರರ ಸಂಬಳ, ಸವಲತ್ತಿಗೆ ಹೋಗುವುದು ನೂರು ಡಾಲರ್‌ನಲ್ಲಿ ನಾಲ್ಕೈದು ಡಾಲರ್ ಅಷ್ಟೇ. ಮಿಕ್ಕಿದ್ದರಲ್ಲಿ ದೊಡ್ಡ ಪಾಲು ಹಿರಿಯರ ಪಿಂಚಣಿ, ಆಸ್ಪತ್ರೆ ಖರ್ಚು, ರಕ್ಷಣೆ ಮತ್ತು ಸಾಲದ ಬಡ್ಡಿಗೆ. ಹತ್ತರಲ್ಲಿ ಒಬ್ಬ ನೌಕರರನ್ನು ತೆಗೆದರೂ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. 2025ರ ಹಣಕಾಸು ವರ್ಷ ಮುಗಿದಾಗ ಒಟ್ಟು ಖರ್ಚು ಇಳಿದಿರಲಿಲ್ಲ, ಸುಮಾರು 7 ಲಕ್ಷ ಕೋಟಿಗೆ ಏರಿತ್ತು.

ಡೋಜ್ ತನ್ನ ವೆಬ್‌ಸೈಟ್‌ನಲ್ಲಿ ಹಾಕಿದ ಉಳಿತಾಯದ ಪಟ್ಟಿಯಲ್ಲೂ ದೊಡ್ಡ ತಪ್ಪುಗಳಿದ್ದವು. ವಲಸೆ ವಿಭಾಗದ ಒಂದು ಗುತ್ತಿಗೆ ರದ್ದು ಮಾಡಿ 800 ಕೋಟಿ ಡಾಲರ್ ಉಳಿಸಿದೆವು ಅಂತ ಬರೆದಿದ್ದರು. ಅಸಲಿಗೆ ಆ ಗುತ್ತಿಗೆ 80 ಲಕ್ಷ ಡಾಲರ್‌ದು.

ಅಮೆರಿಕದಲ್ಲಿ ಸರ್ಕಾರಿ ನೌಕರರು ಬೇಕಾಬಿಟ್ಟಿ ಬೆಳೆದಿದ್ದಾರೆ ಅನ್ನೋ ಮಾತನ್ನೂ ಪರೀಕ್ಷೆ ಮಾಡಬೇಕು. 1960ರ ದಶಕದ ಕೊನೆಗೆ ಅಂಚೆ ಬಿಟ್ಟು ಲೆಕ್ಕ ಹಾಕಿದರೆ ಹೆಚ್ಚೂಕಡಿಮೆ ಈಗಿನಷ್ಟೇ ಜನ ಇದ್ದರು. ಆಗ ದೇಶದ ಜನಸಂಖ್ಯೆ 20 ಕೋಟಿ. ಈಗ 34 ಕೋಟಿ.

ಇನ್ನು ನನಗೆ ತುಂಬಾ ಮುಖ್ಯ ಅನ್ನಿಸಿದ ಜಾಗಕ್ಕೆ ಹೋಗೋಣ. ಪೆನ್ಸಿಲ್ವೇನಿಯಾದ ಬಾಯರ್ಸ್ ಅನ್ನೋ ಸಣ್ಣ ಊರು.

[ಪರದೆಯ ಮೇಲೆ: ಗಣಿಯ ಬಾಯಿ, ಒಳಗೆ ಸಾಲು ಸಾಲು ಕಡತದ ಬೀರುಗಳು]

ಇಲ್ಲಿ ಒಂದು ಹಳೆಯ ಸುಣ್ಣಕಲ್ಲಿನ ಗಣಿ ಇದೆ. ನೆಲದಿಂದ ಸುಮಾರು 70 ಮೀಟರ್ ಕೆಳಗೆ, ಗಣಿಯೊಳಗೆ, ಸರ್ಕಾರಿ ಕಚೇರಿ. ಕೇಂದ್ರ ಸರ್ಕಾರದ ನೌಕರರೊಬ್ಬರು ನಿವೃತ್ತಿಯಾದರೆ ಅವರ ಪಿಂಚಣಿ ಲೆಕ್ಕ ಆಗುವುದು ಇಲ್ಲಿ. ಲಕೋಟೆಗಳಲ್ಲಿ ಕಾಗದ, ಸಾವಿರಾರು ಬೀರುಗಳಲ್ಲಿ ಕಡತ, ನೂರಾರು ಸಿಬ್ಬಂದಿ. 2014ರಲ್ಲಿ ಒಂದು ಪತ್ರಿಕೆ ಹೋಗಿ ನೋಡಿದಾಗ ಒಂದು ಅರ್ಜಿ ಮುಗಿಯೋಕೆ ಸರಾಸರಿ 61 ದಿನ ಬೇಕಾಗುತ್ತಿತ್ತು. 1977ರಲ್ಲೂ ಅಷ್ಟೇ ದಿನ ಬೇಕಿತ್ತಂತೆ. 1987ರಿಂದ ಇದನ್ನು ಕಂಪ್ಯೂಟರ್‌ಗೆ ತರೋಕೆ 10 ಕೋಟಿ ಡಾಲರ್‌ಗೂ ಜಾಸ್ತಿ ಸುರಿದು ಕೈಸುಟ್ಟುಕೊಂಡಿದ್ದರು.

ಮಸ್ಕ್ ಶ್ವೇತಭವನದಲ್ಲಿ ನಿಂತು ಈ ಗಣಿಯ ಬಗ್ಗೆ ಮಾತಾಡಿದರು. ಎಲ್ಲ ಕಾಗದದಲ್ಲೇ, ಕೆಲಸ ನಿಧಾನ ಅಂತ ಅವರು ದೂರಿದ್ದು ಸರಿಯೇ ಇತ್ತು. ಇದು ಬದಲಾಗಲೇಬೇಕಾದ ವ್ಯವಸ್ಥೆ. ಆದರೆ ಇಲ್ಲಿ ಕೆಲಸ ನಿಧಾನ ಆಗೋದು ಜನ ಸೋಮಾರಿಗಳಾಗಿದ್ದಕ್ಕಲ್ಲ. 1984ಕ್ಕೆ ಮುಂಚೆ ಸೇರಿದವರಿಗೆ ಒಂದು ಪಿಂಚಣಿ ಪದ್ಧತಿ, ಆಮೇಲೆ ಸೇರಿದವರಿಗೆ ಇನ್ನೊಂದು. ಸೈನ್ಯದಲ್ಲಿದ್ದ ವರ್ಷಗಳಿಗೆ ಒಂದು ಲೆಕ್ಕ, ಅರೆಕಾಲಿಕ ಕೆಲಸಕ್ಕೆ ಒಂದು ಲೆಕ್ಕ, ವಿಚ್ಛೇದನ ಆಗಿದ್ದರೆ ಕೋರ್ಟಿನ ಆದೇಶ ಬೇರೆ. ಇದೆಲ್ಲ ಕಾಂಗ್ರೆಸ್ ದಶಕಗಳಿಂದ ಒಂದರ ಮೇಲೊಂದು ಪೇರಿಸಿದ ಕಾನೂನು. ನಿಜವಾದ ಅಧಿಕಾರಶಾಹಿ ಇರುವುದು ಅಲ್ಲಿ, ನಿಯಮದೊಳಗೆ. ಆ ನಿಯಮವನ್ನು ಸರಳ ಮಾಡದೆ ಜನರನ್ನು ಮಾತ್ರ ಕಡಿಮೆ ಮಾಡಿದರೆ ಅದೇ ಗೋಜಲನ್ನು ಕಡಿಮೆ ಕೈಗಳು ಬಿಡಿಸಬೇಕು.

ಆಮೇಲೆ ನಡೆದದ್ದು ಇದು. ‘ರಿಸೈನ್’ ಅಂತ ಬರೆದವರ ಸಂಬಳ ಮುಗಿದದ್ದು ಸೆಪ್ಟೆಂಬರ್ 30ಕ್ಕೆ. ಅವರಲ್ಲಿ ನಿವೃತ್ತಿ ವಯಸ್ಸಾದವರೆಲ್ಲ ಒಟ್ಟಿಗೆ ಪಿಂಚಣಿ ಅರ್ಜಿ ಹಾಕಿದರು. ತಿಂಗಳಿಗೆ ಸಾಮಾನ್ಯವಾಗಿ ಹತ್ತು ಸಾವಿರದ ಒಳಗೆ ಬರುತ್ತಿದ್ದ ಅರ್ಜಿ ಅಕ್ಟೋಬರ್‌ನಲ್ಲಿ ಸುಮಾರು 20 ಸಾವಿರ ಆಯಿತು. ಆನ್‌ಲೈನ್ ಅರ್ಜಿ ಅದೇ ವರ್ಷ ಶುರುವಾಗಿತ್ತು, ಅದು ಒಳ್ಳೆಯ ಹೆಜ್ಜೆ. ಆದರೂ ಬಾಕಿ ಬೆಳೆಯುತ್ತಲೇ ಹೋಯಿತು.

ಆದೇಶದ ದಾರಿ ಬಿಟ್ಟು ಬೇರೆ ದಾರಿ ಇರಲಿಲ್ಲವಾ? ಇತ್ತು. 1993ರಲ್ಲಿ ಬಿಲ್ ಕ್ಲಿಂಟನ್ ಈ ಕೆಲಸವನ್ನು ಉಪಾಧ್ಯಕ್ಷ ಅಲ್ ಗೋರ್ ಅವರಿಗೆ ವಹಿಸಿದರು. ಯಾವ ನಿಯಮ ಅಡ್ಡಿ, ಯಾವ ಫಾರಂ ವ್ಯರ್ಥ ಅಂತ ಅವರ ತಂಡ ನೌಕರರನ್ನೇ ಕೇಳಿತು. 1994ರಲ್ಲಿ ಕಾಂಗ್ರೆಸ್ ಕಾನೂನು ಮಾಡಿ, ಸ್ವಇಚ್ಛೆಯಿಂದ ಹೋಗುವವರಿಗೆ 25 ಸಾವಿರ ಡಾಲರ್‌ವರೆಗೆ ಕೊಡಲು ಒಪ್ಪಿತು. ಎಂಟು ವರ್ಷಗಳಲ್ಲಿ 4 ಲಕ್ಷಕ್ಕೂ ಹೆಚ್ಚು ಹುದ್ದೆ ಕಡಿಮೆಯಾದವು. ಶೀತಲ ಸಮರ ಮುಗಿದಿದ್ದರಿಂದ ಅದರಲ್ಲಿ ಬಹಳಷ್ಟು ರಕ್ಷಣಾ ಇಲಾಖೆಯವೇ. ಆಗಲೂ ತಪ್ಪುಗಳಾದವು. ಖರೀದಿ ವಿಭಾಗದ ಅನುಭವಿಗಳು ಹೋದ ಮೇಲೆ ಗುತ್ತಿಗೆದಾರರ ಮೇಲೆ ನಿಗಾ ಸಡಿಲವಾಯಿತು. ಆದರೂ ಆ ಬದಲಾವಣೆಗೆ ಕಾನೂನಿನ ಬುಡ ಇತ್ತು. ಕೋರ್ಟು ಇವತ್ತು ತಡೆದು ನಾಳೆ ಬಿಡುವ ಪರಿಸ್ಥಿತಿ ಬರಲಿಲ್ಲ.

2025ರಲ್ಲಿ ಮಾತ್ರ ಆ ಪರಿಸ್ಥಿತಿ ಬಂತು. ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್ 1961ರಲ್ಲಿ ಕೆನಡಿ ಆದೇಶದಿಂದ ಹುಟ್ಟಿತ್ತು. 1998ರ ಕಾನೂನು ಅದಕ್ಕೆ ಸ್ವತಂತ್ರ ಸ್ಥಾನ ಕೊಟ್ಟಿತ್ತು. ಜುಲೈ 1ಕ್ಕೆ ಅದರ ಕೆಲಸ ನಿಂತಿತು, ಉಳಿದದ್ದು ವಿದೇಶಾಂಗ ಇಲಾಖೆಯ ಪಾಲಾಯಿತು. ಶಿಕ್ಷಣ ಇಲಾಖೆಯನ್ನು ಮುಚ್ಚಲು ಕಾನೂನು ಬೇಕು, ಹಾಗಾಗಿ ಮುಚ್ಚಲಿಲ್ಲ. ಸಿಬ್ಬಂದಿಯನ್ನು ಹೆಚ್ಚೂಕಡಿಮೆ ಅರ್ಧಕ್ಕೆ ಇಳಿಸಿದರು. ಕೆಳಗಿನ ಕೋರ್ಟು ತಡೆಯಿತು, ಜುಲೈ 14ರಂದು ಸುಪ್ರೀಂ ಕೋರ್ಟ್ ಸದ್ಯಕ್ಕೆ ಮುಂದುವರಿಯಿರಿ ಅಂದಿತು. ತೆರಿಗೆ ಇಲಾಖೆಯಲ್ಲಿ ಜನವರಿಯಿಂದ ಮೇ ಒಳಗೆ ನಾಲ್ಕರಲ್ಲಿ ಒಬ್ಬರು ಕಡಿಮೆಯಾದರು. ಅಮೆರಿಕದಲ್ಲಿ ದುಡಿಯುವ ನಮ್ಮ ಕನ್ನಡಿಗರೂ ಪ್ರತಿ ವರ್ಷ ರಿಟರ್ನ್ಸ್ ಸಲ್ಲಿಸಿ ರೀಫಂಡ್‌ಗೆ ಕಾಯುವುದು ಈ ಇಲಾಖೆಯ ಮುಂದೆಯೇ.

ವರ್ಷದ ಕೊನೆಯ ಲೆಕ್ಕ: ಸಿಬ್ಬಂದಿ ನಿರ್ವಹಣಾ ಕಚೇರಿಯ ಮುಖ್ಯಸ್ಥ ಸ್ಕಾಟ್ ಕುಪೋರ್ ಹೇಳಿದಂತೆ ಹೋದವರು ಸುಮಾರು 3 ಲಕ್ಷ 17 ಸಾವಿರ, ಹೊಸದಾಗಿ ಬಂದವರು 68 ಸಾವಿರ. ಬಹುಪಾಲು ಜನ ತಾವಾಗಿಯೇ ಹೋದರು ಅನ್ನುವುದು ಸರ್ಕಾರದ ಮಾತು. ಇವತ್ತು ನೀವೇ ಹೋಗಿ, ಇಲ್ಲದಿದ್ದರೆ ನಾಳೆ ನಾವು ಕಳಿಸಬಹುದು ಅಂದಾಗ ಹೋಗುವುದನ್ನು ಸ್ವಇಚ್ಛೆ ಅನ್ನೋಕೆ ನನಗೆ ಮನಸ್ಸು ಬರುವುದಿಲ್ಲ.

ಮುಂದೆ ಗಮನಿಸಬೇಕಾದ ವಿಷಯ ಒಂದಿದೆ. ‘ಶೆಡ್ಯೂಲ್ ಪಾಲಿಸಿ/ಕರಿಯರ್’ ಅನ್ನೋ ಹೊಸ ವರ್ಗ. ನೀತಿ ರೂಪಿಸುವ ಕೆಲಸದಲ್ಲಿರುವ ಕಾಯಂ ನೌಕರರನ್ನು ಇದಕ್ಕೆ ಸೇರಿಸಿದರೆ, ಅವರನ್ನು ತೆಗೆಯುವುದು ತುಂಬಾ ಸುಲಭವಾಗುತ್ತದೆ. 2020ರಲ್ಲಿ ಟ್ರಂಪ್ ಇದನ್ನು ಬೇರೆ ಹೆಸರಲ್ಲಿ ತಂದಿದ್ದರು, 2021ರಲ್ಲಿ ಬೈಡನ್ ರದ್ದು ಮಾಡಿದ್ದರು. 2025ರ ಏಪ್ರಿಲ್‌ನಲ್ಲಿ ಪ್ರಕಟವಾದ ಕರಡು ನಿಯಮದ ಅಂದಾಜಿನಂತೆ ಸುಮಾರು 50 ಸಾವಿರ ಹುದ್ದೆಗಳು ಇದರೊಳಗೆ ಬರುತ್ತವೆ. ಮುಂದೆ ಬರುವ ಅಧ್ಯಕ್ಷರು, ಅವರು ಯಾವ ಪಕ್ಷದವರೇ ಆಗಿರಲಿ, ಈ ಅಧಿಕಾರವನ್ನು ಇಟ್ಟುಕೊಳ್ಳಲೂಬಹುದು, ಇನ್ನೊಂದು ಸಹಿ ಹಾಕಿ ಅಳಿಸಲೂಬಹುದು. ನೌಕರರ ಸಂಘಗಳು ಇದರ ವಿರುದ್ಧ ಕೋರ್ಟ್ ಮೆಟ್ಟಿಲೇರಿವೆ.