ಬೇಡಿ ಕಳಚಿದರೂ ಬಿಡುಗಡೆಯಿಲ್ಲ

ಕೇಳುಗರಿಗೆ ನಮಸ್ಕಾರ. ಸೆರೆಯಿಂದ ತಪ್ಪಿಸಿಕೊಂಡವನ ಕಥೆಯೆಂದರೆ ಬೆನ್ನಟ್ಟುವ ನಾಯಿಗಳು, ಕೂದಲೆಳೆಯಲ್ಲಿ ಪಾರಾಗುವ ನಾಯಕ, ಇಷ್ಟೇ ಎಂದುಕೊಂಡವರು 1932ರಲ್ಲಿ ಅಮೆರಿಕದ ವಾರ್ನರ್ ಬ್ರದರ್ಸ್ ತೆರೆಗೆ ತಂದ ‘ಐ ಆ್ಯಮ್ ಎ ಫ್ಯುಜಿಟಿವ್ ಫ್ರಮ್ ಎ ಚೈನ್ ಗ್ಯಾಂಗ್’ ಚಿತ್ರವನ್ನು ನೋಡಬೇಕು. ಮರ್ವಿನ್ ಲೆರಾಯ್ ನಿರ್ದೇಶಿಸಿದ ಈ ಚಿತ್ರದಲ್ಲಿ ಅವೆಲ್ಲ ಇವೆ. ಆದರೆ ಮೈ ನಡುಗಿಸುವುದು ಆ ಓಟವಲ್ಲ, ಸರ್ಕಾರವೊಂದು ಕೊಟ್ಟ ಮಾತಿಗೆ ತಪ್ಪುವ ಬಗೆ.

ಪಾಲ್ ಮ್ಯೂನಿ ಅಭಿನಯಿಸಿದ ಜೇಮ್ಸ್ ಅಲೆನ್, ಮೊದಲ ಮಹಾಯುದ್ಧದಿಂದ ಮರಳಿದ ಯೋಧ. ಕೆಲಸಕ್ಕಾಗಿ ಊರೂರು ಅಲೆದು, ಕೈ ಬರಿದಾಗಿ, ತನ್ನ ಪದಕವನ್ನು ಗಿರವಿ ಇಡಲು ಹೋದಾಗ, ಅಂಗಡಿಯವನು ಅಂಥವೇ ಪದಕಗಳ ರಾಶಿಯನ್ನು ತೋರಿಸುತ್ತಾನೆ. ಆ ಕಾಲದ ನಿರುದ್ಯೋಗದ ಬಗ್ಗೆ ಬೇರೆ ಮಾತೇ ಬೇಕಿಲ್ಲ. ಮುಂದೆ ಪರಿಚಿತನೊಬ್ಬ ಪಿಸ್ತೂಲು ತೋರಿಸಿ ಅವನ ಕೈಯಿಂದ ತಿಂಡಿಯಂಗಡಿಯ ಗಲ್ಲಾಪೆಟ್ಟಿಗೆಯನ್ನು ಬರಿದು ಮಾಡಿಸುತ್ತಾನೆ. ಅಲೆನ್‌ಗೆ 10 ವರ್ಷಗಳ ಕಠಿಣ ಶಿಕ್ಷೆಯಾಗುತ್ತದೆ; ಕಾಲಿಗೆ ಸರಪಳಿ ಬಿಗಿದು ಕೈದಿಗಳನ್ನು ದುಡಿಸುವ ‘ಚೈನ್ ಗ್ಯಾಂಗ್’ ತಂಡಕ್ಕೆ ಅವನನ್ನು ಸೇರಿಸುತ್ತಾರೆ.

ಅಲ್ಲಿ ಬೆವರು ಒರೆಸಿಕೊಳ್ಳಲೂ ಕಾವಲುಗಾರನ ಅಪ್ಪಣೆ ಬೇಕು. ಕಪ್ಪು ವರ್ಣದ ಸಹಕೈದಿಯೊಬ್ಬ ದೊಡ್ಡ ಸುತ್ತಿಗೆಯಿಂದ ಅಲೆನ್‌ನ ಕಾಲಿನ ಬಳೆಗಳ ಮೇಲೆ ಬಡಿದು, ಪಾದ ಜಾರಿಸಿಕೊಳ್ಳುವಷ್ಟು ಅವನ್ನು ಬಾಗಿಸುತ್ತಾನೆ. ಒಂದು ಪೆಟ್ಟು ತಪ್ಪಿದರೂ ಕಾಲು ಪುಡಿಯಾಗುವ ಆ ದೃಶ್ಯದಲ್ಲಿ, ನೋವು ನುಂಗುವ ಮ್ಯೂನಿಯ ಮುಖವನ್ನು ನೋಡಿಯೇ ತಿಳಿಯಬೇಕು.

ತಪ್ಪಿಸಿಕೊಂಡ ಅಲೆನ್ ಹೆಸರನ್ನು ತಿರುಗುಮುರುಗು ಮಾಡಿಕೊಂಡು ಷಿಕಾಗೋದಲ್ಲಿ ಎಂಜಿನಿಯರಾಗಿ ಮೇಲೇರುತ್ತಾನೆ. ಗುಟ್ಟು ತಿಳಿದು, ಬೆದರಿಸಿಯೇ ಮದುವೆಯಾದ ಹೆಂಡತಿ ಅವನನ್ನು ಹಿಡಿದುಕೊಡುತ್ತಾಳೆ. 90 ದಿನಗಳಲ್ಲಿ ಕ್ಷಮಾದಾನ ದೊರೆಯುವುದೆಂಬ ಭರವಸೆಯನ್ನು ನಂಬಿ ಅವನು ತಾನಾಗಿಯೇ ಸೆರೆಗೆ ಮರಳಿದರೆ, ಅಧಿಕಾರಿಗಳು ಮಾತು ಮುರಿಯುತ್ತಾರೆ. ಎರಡನೆಯ ಸಲ ಓಡಿಹೋದವನನ್ನು, ಹೇಗೆ ಬದುಕುತ್ತಿರುವೆ ಎಂದು ಪ್ರೇಯಸಿ ಕೇಳಿದಾಗ, ಕದಿಯುತ್ತೇನೆ ಎಂದು ಹೇಳಿ ಅವನು ಕತ್ತಲಲ್ಲಿ ಮರೆಯಾಗುತ್ತಾನೆ. ಕಳ್ಳನಲ್ಲದವನನ್ನು ಹಿಡಿದು ಕಳ್ಳನನ್ನಾಗಿ ಮಾಡಿದ್ದು ಕಾನೂನೇ ಎಂಬ ಆರೋಪವನ್ನು, ನನ್ನ ಮಟ್ಟಿಗೆ, ಇಷ್ಟು ನೇರವಾಗಿ ಹೇಳಿದ ಚಿತ್ರಗಳು ವಿರಳ.

ಇದು ಕಟ್ಟುಕಥೆಯೂ ಅಲ್ಲ. ಚಿತ್ರಕ್ಕೆ ಆಧಾರ ರಾಬರ್ಟ್ ಎಲಿಯಟ್ ಬರ್ನ್ಸ್ ಅವರ ಆತ್ಮಕಥೆ. ಆರು ಡಾಲರಿಗೂ ಕಡಿಮೆ ಮೊತ್ತದ ದರೋಡೆಗಾಗಿ ಜಾರ್ಜಿಯಾದಲ್ಲಿ ಶಿಕ್ಷೆಗೊಳಗಾದ ಅವರು 1922ರಲ್ಲಿ ಒಮ್ಮೆ, 1930ರಲ್ಲಿ ಮತ್ತೊಮ್ಮೆ ತಪ್ಪಿಸಿಕೊಂಡರು. ಪುಸ್ತಕದ ಹೆಸರಿನಲ್ಲಿದ್ದ ಜಾರ್ಜಿಯಾವನ್ನು ಚಿತ್ರದ ಹೆಸರಿನಿಂದ ಕೈಬಿಟ್ಟಿದ್ದರೂ, ಆ ರಾಜ್ಯದವರು ಸಿಟ್ಟಾಗದೆ ಇರಲಿಲ್ಲ. ಚಿತ್ರ ತೆರೆಕಂಡ ವರ್ಷದ ಕೊನೆಯಲ್ಲಿ ಬರ್ನ್ಸ್ ಅವರನ್ನು ಒಪ್ಪಿಸುವಂತೆ ಜಾರ್ಜಿಯಾ ಕೇಳಿದಾಗ, ಅವರು ಆಗ ಇದ್ದ ನ್ಯೂಜೆರ್ಸಿ ರಾಜ್ಯದ ಗವರ್ನರ್ ನಿರಾಕರಿಸಿದರು. ಬರ್ನ್ಸ್ ಅವರ ಶಿಕ್ಷೆಯನ್ನು ಜಾರ್ಜಿಯಾ ಮೊಟಕುಗೊಳಿಸಿದ್ದು 1945ರಲ್ಲಿ.