ಜಿಂಕೆ ಕಾಣದಿದ್ರೂ ಲೆಕ್ಕ ಸಿಗುತ್ತೆ: ಹಿಕ್ಕೆ ಎಣಿಸಿ!

[ದೃಶ್ಯ: ಮಂಜು ಮುಸುಕಿದ ಕಾಡು. ಇಬ್ಬರು ಬಗ್ಗಿಕೊಂಡು ನೆಲವನ್ನೇ ನೋಡ್ತಾ ನಡೀತಿದ್ದಾರೆ.]

ಇವರು ಕಳೆದುಹೋದ ಉಂಗುರ ಹುಡುಕ್ತಿಲ್ಲ. ಜಿಂಕೆ ಹಿಕ್ಕೆ ಎಣಿಸ್ತಿದ್ದಾರೆ. ಜಾಗ ಸ್ಕಾಟ್ಲೆಂಡ್.

ಹಿನ್ನೆಲೆ ಬೇಗ ಮುಗಿಸೋಣ. ನಾಗರಹೊಳೆಯಲ್ಲಿ ಜಿಂಕೆ ತಿನ್ನೋಕೆ ಹುಲಿ, ಚಿರತೆ, ಸೀಳುನಾಯಿ ಇವೆ. ಸ್ಕಾಟ್ಲೆಂಡಲ್ಲಿ ತೋಳ ಅಳಿದು ಶತಮಾನಗಳಾದವು. ನಮ್ಮ ಕಡವೆಗಿಂತ ಸಣ್ಣದಾದ ಕೆಂಪು ಜಿಂಕೆ, ಬರ್ಚ್, ಪೈನ್ ಸಸಿಗಳ ಕುಡಿ ತಿಂದುಬಿಡುತ್ತೆ. ಹಳೇ ಮರ ನಿಂತಿರುತ್ತೆ, ಹೊಸದು ಏಳಲ್ಲ. ಅದಕ್ಕೇ ಅಲ್ಲಿ ಲೆಕ್ಕ ಹಾಕಿ ಗುಂಡು ಹೊಡೀತಾರೆ. ಆದ್ರೆ ಎಷ್ಟಿವೆ ಅಂತ ಗೊತ್ತಿಲ್ದೆ ಎಷ್ಟು ಹೊಡೀತೀರಿ?

ಬೋಳುಗುಡ್ಡದಲ್ಲಾದ್ರೆ ಹೆಲಿಕಾಪ್ಟರಿಂದ ಎಣಿಸಬಹುದು. ಕಾಡೊಳಗೆ ಜಿಂಕೆ ಅಡಗುತ್ತೆ. ಹಿಕ್ಕೆ ಅಡಗಲ್ಲ!

[ದೃಶ್ಯ: ನೆಲದ ಮೇಲೆ ಹಗ್ಗ ಕಟ್ಟಿದ ಚೌಕ]

ನಕ್ಷೆ ನೋಡಿ ಸಮ ಅಂತರದಲ್ಲಿ ಚೌಕ ಗುರುತು ಮಾಡಿ, ಒಳಗಿನ ಹಳೇ ಹಿಕ್ಕೆ ಪೂರ್ತಿ ತೆಗೀರಿ. ಮೂರು ತಿಂಗಳು ಬಿಟ್ಟು ಬಂದು ಹೊಸದನ್ನ ಎಣಿಸಿ. ಬಿಡಿ ಉಂಡೆಗಳನ್ನಲ್ಲ, ಗುಪ್ಪೆಗಳನ್ನ. ಒಂದು ಸಲ ಹಾಕಿದ್ದು ಒಂದು ಗುಪ್ಪೆ. ಒಂದು ಜಿಂಕೆ ದಿನಕ್ಕೆ ಸುಮಾರು 25 ಸಲ ಹಾಕುತ್ತೆ ಅಂತ ಹಿಡಿಯೋಣ. ಹೌದು, ಅದನ್ನೂ ಯಾರೋ ಹಿಂದೆ ನಿಂತು ಎಣಿಸಿದ್ದಾರೆ. ನಿಮ್ಮ ಆಫೀಸ್ ಕೆಲಸ ಎಷ್ಟೋ ವಾಸಿ.

ಎಲ್ಲ ಚೌಕ ಸೇರಿ ಒಂದು ಹೆಕ್ಟೇರ್, 90 ದಿನ, ಸಿಕ್ಕಿದ್ದು 225 ಗುಪ್ಪೆ ಅಂದ್ಕೊಳ್ಳಿ. 225ನ್ನ 25ರಿಂದ ಭಾಗಿಸಿ, ಬಂದಿದ್ದನ್ನ 90ರಿಂದ ಭಾಗಿಸಿ: 0.1. ಇದು ಹೆಕ್ಟೇರಿಗೆ. ಚದರ ಕಿಲೋಮೀಟರ್ ಅಂದ್ರೆ 100 ಹೆಕ್ಟೇರ್, ಹಾಗಾಗಿ ಚದರ ಕಿಲೋಮೀಟರಿಗೆ 10 ಜಿಂಕೆ. ಪೆನ್ನು, ಹಾಳೆ ಇದ್ರೆ ಸಾಕು!

ಎಡವೋದು ಎಲ್ಲಿ? ಬರೋದು ತಡ ಆದ್ರೆ ಹಿಕ್ಕೆ ಮಳೆಗೆ ಕರಗುತ್ತೆ, ಸಗಣಿ ಹುಳು ಹೊತ್ತೊಯ್ಯುತ್ತೆ, ಲೆಕ್ಕ ಕಮ್ಮಿ ಬರುತ್ತೆ. ಕುರಿ ಹಿಕ್ಕೆ ಸೇರಿಕೊಂಡ್ರೆ ಜಾಸ್ತಿ. ಹಿಕ್ಕೆ ರಾಶಿ ಕಂಡ ಕಡೆಯೇ ಚೌಕ ಹಾಕೋ ಸೋಮಾರಿತನವಂತೂ ಲೆಕ್ಕವನ್ನೇ ಕೆಡಿಸುತ್ತೆ.

ಟೈಮ್ ಮುಗೀತಾ ಬಂತು, ಉಳಿದಿದ್ದು ಚುಟುಕಾಗಿ. ಕೊಂಬಿನ ಆಸೆಗೆ ಗಂಡನ್ನೇ ಹೊಡೆದ್ರೆ ಸಂಖ್ಯೆ ಇಳಿಯಲ್ಲ. ಉಳಿದೊಂದು ಗಂಡು ಹತ್ತಾರು ಹೆಣ್ಣಿಗೆ ಸಾಕು. ಇಳಿಸಬೇಕಾದ್ದು ಹೆಣ್ಣುಗಳನ್ನ. ಬೇಲಿ ಹಾಕ್ತೀರಾ? 1.8 ಮೀಟರ್ ಎತ್ತರ ಬೇಕು. ಆದ್ರೆ ಕ್ಯಾಪರ್‌ಕೈಲಿ ಅನ್ನೋ ಅಪರೂಪದ ದೊಡ್ಡ ಹಕ್ಕಿ ಆ ತಂತಿಗೆ ಬಡಿದು ಸಾಯುತ್ತೆ. ಹಾಗಾಗಿ ಮರದ ಪಟ್ಟಿ ಕಟ್ಟಿ ತಂತಿ ಕಾಣೋ ಹಾಗೆ ಮಾಡ್ತಾರೆ. ಕ್ರೆಗ್ ಮೆಗ್ಗಿ ಅನ್ನೋ ಸ್ಕಾಟ್ಲೆಂಡಿನ ಸಂರಕ್ಷಿತ ಪ್ರದೇಶದಲ್ಲಿ 1980ರ ದಶಕದಿಂದ ಬೇಲಿ ನೆಚ್ಚದೆ ಜಿಂಕೆ ಇಳಿಸಿದ್ರು. ಬರ್ಚ್ ತಾನಾಗೇ ಎದ್ದಿದೆ.

ಊರಿಗೇನು ಲಾಭ? ಮಾಂಸ. ಕರುಳು ಕೂಡಲೇ ತೆಗೆದು, 7 ಡಿಗ್ರಿಗಿಂತ ಮೇಲೇರದ ಹಾಗೆ ತಣ್ಣಗಿಡಬೇಕು. ಆ ಶೀತಲ ಕೋಣೆ ಊರಲ್ಲೇ ಇದ್ರೆ ಕಡಿಯೋ ಕೆಲಸ, ಮಾರೋ ದುಡ್ಡು ಎರಡೂ ಊರಲ್ಲೇ ಉಳಿಯುತ್ತೆ. ಇಲ್ಲಾಂದ್ರೆ ಇಡೀ ಜಿಂಕೆ ಲಾರಿ ಹತ್ತಿ ದೂರದ ವ್ಯಾಪಾರಿ ಪಾಲು.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಜಿಂಕೆ ಬೇಟೆ ಅಪರಾಧ, ಬಂದೂಕು ಕೆಳಗಿಡಿ. ಹಿಕ್ಕೆ ಲೆಕ್ಕ ಮಾತ್ರ ಇಲ್ಲೂ ಇದೆ: ನಾಲ್ಕು ವರ್ಷಕ್ಕೊಮ್ಮೆ ಹುಲಿ ಗಣತಿ ಮಾಡುವಾಗ ಅರಣ್ಯ ಸಿಬ್ಬಂದಿ ಜಿಂಕೆ, ಕಡವೆ ಹಿಕ್ಕೆಯನ್ನೂ ಬರ್ಕೊಳ್ತಾರೆ.