ಹೊಟ್ಟೆಯ ಆಸಿಡ್‌ಗೆ ಬ್ರೇಕ್ ಹಾಕೋದು ಯಾರು?

[ದೃಶ್ಯ: ಹಬೆಯಾಡುವ ಊಟದ ತಟ್ಟೆ]

ನಮಸ್ಕಾರ. ಊಟದ ಘಮ ಮೂಗಿಗೆ ಬಡಿದ ಕೂಡಲೇ ಬಾಯಲ್ಲಿ ನೀರೂರುತ್ತದೆ, ಅಲ್ವಾ? ಅದೇ ಹೊತ್ತಿಗೆ ಹೊಟ್ಟೆಯೊಳಗೂ ಊರುತ್ತದೆ. ಇನ್ನೂ ಒಂದು ತುತ್ತೂ ಇಳಿದಿರುವುದಿಲ್ಲ. ಮೆದುಳಿನಿಂದ ಹೊರಟ ವೇಗಸ್ ನರ ಆಗಲೇ ಜಠರಕ್ಕೆ ಸುದ್ದಿ ಮುಟ್ಟಿಸಿರುತ್ತದೆ.

ದಿನಕ್ಕೆ ಸುಮಾರು 2 ಲೀಟರ್ ಜಠರರಸ ತಯಾರಾಗುತ್ತದೆ. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಸಿಡ್. ಮಾಂಸವನ್ನೇ ಜೀರ್ಣ ಮಾಡುವ ರಸ ಅದು. ಆದರೆ ಹೊಟ್ಟೆಯ ಗೋಡೆಯೂ ಮಾಂಸದ್ದೇ ತಾನೇ? ಅದಕ್ಕೇ ಆಸಿಡ್ ಹೇಗೆ ಬರುತ್ತದೆ ಅನ್ನುವುದಕ್ಕಿಂತ ಹೇಗೆ ನಿಲ್ಲುತ್ತದೆ ಅನ್ನುವುದೇ ನನಗೆ ದೊಡ್ಡ ಬೆರಗು.

[ದೃಶ್ಯ: ಹಳೆಯ ಕಾಲದ ರೇಖಾಚಿತ್ರ, ರೇಷ್ಮೆ ದಾರ]

1822. ಅಮೆರಿಕದ ಮ್ಯಾಕಿನಾಕ್ ದ್ವೀಪ. ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನ ಹೊಟ್ಟೆಗೆ ಗುಂಡು ತಗುಲಿತು. ಆತ ಬದುಕಿದ, ಆದರೆ ಜಠರದವರೆಗಿನ ತೂತು ಮುಚ್ಚಲೇ ಇಲ್ಲ. ಸೇನೆಯ ವೈದ್ಯ ವಿಲಿಯಂ ಬೋಮಾಂಟ್ 1825ರಲ್ಲಿ ಆಹಾರದ ಚೂರುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಆ ತೂತಿನಿಂದ ಒಳಗೆ ಇಳಿಬಿಟ್ಟರು. ಆಗಾಗ ಎಳೆದು ನೋಡಿದರು. ಖಾಲಿ ಹೊಟ್ಟೆಯಲ್ಲಿ ರಸ ಸುಮ್ನೆ ತುಂಬಿಕೊಂಡಿರುವುದಿಲ್ಲ, ಆಹಾರ ಬಂದಾಗ ಜಿನುಗುತ್ತದೆ ಎಂದು ಕಂಡುಕೊಂಡರು. ಈ ತಿಳಿವಳಿಕೆಗೆ ಆ ಯುವಕ ವರ್ಷಗಟ್ಟಲೆ ಸಂಕಟಪಟ್ಟಿದ್ದಾನೆ. ಅದನ್ನು ಮರೆಯಬಾರದು ಅನಿಸುತ್ತದೆ.

[ದೃಶ್ಯ: ಒಂದೇ ಜೀವಕೋಶ, ತೀರಾ ಹತ್ತಿರದಿಂದ]

ಈಗ ಆಸಿಡ್ ಮಾಡುವ ಒಂದು ಜೀವಕೋಶದೊಳಗೆ ಇಣುಕೋಣ. ಇದರ ಹೆಸರು ಪರೈಟಲ್ ಕೋಶ. ಬಿಡುವಿದ್ದಾಗ ಆಸಿಡ್ ಹೊರಹಾಕುವ ಇದರ ಪಂಪ್‌ಗಳೆಲ್ಲ ಒಳಗೇ ಸಣ್ಣ ಕೊಳವೆಗಳಲ್ಲಿ ಮಡಚಿಕೊಂಡು ಕೂತಿರುತ್ತವೆ. ಎಬ್ಬಿಸುವವರು ಮೂವರು: ವೇಗಸ್ ನರ, ರಕ್ತದಲ್ಲಿ ಬರುವ ಗ್ಯಾಸ್ಟ್ರಿನ್ ಹಾರ್ಮೋನ್, ಪಕ್ಕದ ಕೋಶ ಬಿಡುವ ಹಿಸ್ಟಮಿನ್. ಕರೆ ಬಂತೋ, ಪಂಪ್‌ಗಳು ಕೋಶದ ಅಂಚಿಗೆ ಬಂದು ನಿಲ್ಲುತ್ತವೆ. ಪೊಟ್ಯಾಸಿಯಂ ಒಳಗೆಳೆದುಕೊಂಡು ಆಸಿಡ್‌ಗೆ ಹುಳಿ ಕೊಡುವ ಹೈಡ್ರೋಜನ್ ಅಯಾನುಗಳನ್ನು ಹೊರಗೆ ತಳ್ಳುತ್ತವೆ. ರಕ್ತದಲ್ಲಿರುವುದಕ್ಕಿಂತ ಹತ್ತು ಲಕ್ಷ ಪಟ್ಟಿಗೂ ಜಾಸ್ತಿ ಸಾಂದ್ರತೆಗೆ! ಇದಕ್ಕೆ ಸಿಕ್ಕಾಪಟ್ಟೆ ಶಕ್ತಿ ಬೇಕು.

ಪ್ರೋಟೀನ್ ಕತ್ತರಿಸುವ ಪೆಪ್ಸಿನ್ ಬರುವುದು ಬೇರೆ ಕೋಶದಿಂದ. ಹುಟ್ಟುವಾಗ ಅದಕ್ಕೆ ಹಲ್ಲೇ ಇರುವುದಿಲ್ಲ. ಆಸಿಡ್ ತಗುಲಿದ ಮೇಲೆಯೇ ಕೆಲಸಕ್ಕೆ ಇಳಿಯುತ್ತದೆ. ಇಲ್ಲದಿದ್ದರೆ ಹೆತ್ತ ಕೋಶವನ್ನೇ ತಿಂದುಬಿಡುತ್ತಿತ್ತು.

ಸರಿ, ಬ್ರೇಕ್ ಎಲ್ಲಿದೆ? ಹೊಟ್ಟೆಯಲ್ಲಿ ಆಹಾರ ಇರುವಷ್ಟು ಹೊತ್ತು ಆ ಆಹಾರವೇ ಆಸಿಡ್ ಅನ್ನು ಹೀರಿಕೊಳ್ಳುತ್ತಿರುತ್ತದೆ. ಆಹಾರ ಮುಂದೆ ಸಾಗಿ ಹೊಟ್ಟೆ ಖಾಲಿಯಾದಂತೆ ಆಸಿಡ್ ಕಡುವಾಗುತ್ತದೆ, ಪಿಹೆಚ್ (ಹುಳಿಯ ಅಳತೆ; ಕಡಿಮೆಯಾದಷ್ಟೂ ಹುಳಿ ಜಾಸ್ತಿ) 3ಕ್ಕಿಂತ ಕೆಳಗೆ ಇಳಿಯುತ್ತದೆ. ಆಗ ಸೊಮ್ಯಾಟೊಸ್ಟಾಟಿನ್ ಎಂಬ ಹಾರ್ಮೋನ್ ಬಂದು ಗ್ಯಾಸ್ಟ್ರಿನ್‌ನ ಬಾಯಿ ಮುಚ್ಚಿಸುತ್ತದೆ. ಅಂದರೆ ಆಸಿಡ್ಡೇ ಆಸಿಡ್‌ಗೆ ಕಡಿವಾಣ! ಅತ್ತ ಸಣ್ಣ ಕರುಳು ಕೂಡ ಸುಮ್ಮನಿರುವುದಿಲ್ಲ. ಆಸಿಡ್ ತಾಗಿದೊಡನೆ ಸೆಕ್ರೆಟಿನ್ ಎಂಬ ಹಾರ್ಮೋನ್ ಬಿಟ್ಟು ಜಠರಕ್ಕೆ ಸಾಕು ಅನ್ನುತ್ತದೆ. ಇಷ್ಟೆಲ್ಲ ನಡೆಯುವಾಗ ಗೋಡೆಯನ್ನು ಕಾಯುವುದು ಆಸಿಡ್ ಅನ್ನು ತಣಿಸುವ ಬೈಕಾರ್ಬನೇಟ್ ತುಂಬಿದ ತೆಳ್ಳಗಿನ ಲೋಳೆ. ಮೇಲ್ಪದರದ ಕೋಶಗಳೂ ಕೆಲವೇ ದಿನಕ್ಕೊಮ್ಮೆ ಹೊಸದಾಗುತ್ತವೆ.

[ದೃಶ್ಯ: ಮಾತ್ರೆ, ಒಂದು ಲೋಟ ನೀರು]

ಆಸಿಡ್ ತಗ್ಗಿಸುವ ಒಮೆಪ್ರಜೋಲ್‌ನಂಥ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮುಂಚೆ ತಗೊಳ್ಳಿ ಅಂತ ಡಾಕ್ಟರ್ ಹೇಳುತ್ತಾರಲ್ಲ, ಅದಕ್ಕೂ ಕಾರಣ ಈ ಪಂಪ್‌ಗಳೇ. ಒಳಗೆ ಮಡಚಿ ಕೂತ ಪಂಪ್‌ಗೆ ಆ ಔಷಧಿ ಅಂಟುವುದಿಲ್ಲ. ಕೆಲಸ ಮಾಡುತ್ತಿರುವ ಪಂಪನ್ನೇ ಅದು ಹಿಡಿಯಬೇಕು. ನೀವು ಮೊದಲ ತುತ್ತು ನುಂಗಿ, ಪಂಪ್‌ಗಳು ಅಂಚಿಗೆ ಬರುವ ಹೊತ್ತಿಗೆ ಔಷಧಿ ರಕ್ತದಲ್ಲಿ ಬಂದು ಕಾಯುತ್ತಿರಬೇಕು.